ಸನ್ನಿಗೂ ಸುಸ್ತಿಗೂ ನಡುವೆ: ಬಾಣಂತಿಯ ಮನಸ್ಸು ಮಗುವಿನ ಬೆಳವಣಿಗೆಗೆ ಹೇಗೆ ತಟ್ಟುತ್ತದೆ?

ಬಾಣಂತಿಯ ಊಟಕ್ಕೆ, ಸ್ನಾನಕ್ಕೆ, ಹೊದಿಕೆಗೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಬಾಣಂತಿ ಖಾರ ಇದೆ, ಅಂಟಿನ ಉಂಡೆ ಇದೆ, ಎಣ್ಣೆನೀರು ಇದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೆಂಡದ ಮೇಲೆ ಸಾಂಬ್ರಾಣಿ ಎಲ್ಲ ಇದೆ. ಅವಳ ಮನಸ್ಸಿನ ವಿಷಯಕ್ಕೆ ಬಂದರೆ ನಮ್ಮ ಹತ್ತಿರ ಇರುವುದು ಎರಡೇ ಮಾತು. ಒಂದು, "ಎಲ್ಲರಿಗೂ ಆಗೋದೇ, ನಾವೇನು ಹೆತ್ತಿಲ್ವಾ?" ಇನ್ನೊಂದು, "ಬಾಣಂತಿ ಸನ್ನಿ". ಮೊದಲನೆಯದರ ಪ್ರಕಾರ ಏನೂ ಆಗಿಲ್ಲ. ಎರಡನೆಯದರ ಪ್ರಕಾರ ಎಲ್ಲ ಕೈಮೀರಿದೆ.

ಇವೆರಡರ ನಡುವೆ ದೊಡ್ಡ ಬಯಲೇ ಇದೆ. ಹೆತ್ತ ಎಷ್ಟೋ ಹೆಂಗಸರು ತಿಂಗಳುಗಟ್ಟಲೆ ಅಲ್ಲೇ ಅಲೆಯುತ್ತಿರುತ್ತಾರೆ. ಅದಕ್ಕೊಂದು ಮನೆಮಾತಿನ ಹೆಸರು ಇಲ್ಲ. ಡಾಕ್ಟರು 'ಹೆರಿಗೆ ನಂತರದ ಖಿನ್ನತೆ' ಅನ್ನುತ್ತಾರೆ. ಪದ ಸರಿಯಾಗೇ ಇದೆ, ಆದರೆ ಅಡುಗೆಮನೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ಹೆಸರಿಲ್ಲದ ಕಾಯಿಲೆಯನ್ನು ಯಾರ ಹತ್ತಿರ ಅಂತ ಹೇಳಿಕೊಳ್ಳುವುದು?

ಮೊದಲು ಆ "ಎಲ್ಲರಿಗೂ ಆಗೋದೇ" ಅನ್ನುವುದನ್ನು ನೋಡೋಣ. ಅದು ಪೂರ್ತಿ ಸುಳ್ಳಲ್ಲ. ಬಸುರಿಯಲ್ಲಿ ಮಾಸು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ಧಾರಾಳವಾಗಿ ತಯಾರಿಸುತ್ತಿರುತ್ತದೆ. ಹೆರಿಗೆಯಾಗಿ ಮಾಸು ಬಿದ್ದ ಕೆಲವೇ ದಿನಗಳಲ್ಲಿ ಅವೆರಡೂ ಕಡಿದಾಗಿ ಇಳಿದುಬಿಡುತ್ತವೆ. ಅದೇ ಹೊತ್ತಿಗೆ ಎದೆ ಕಟ್ಟುತ್ತದೆ, ಹೊಲಿಗೆ ನೋಯುತ್ತದೆ, ನಿದ್ದೆ ತುಂಡು ತುಂಡಾಗುತ್ತದೆ. 3ರಿಂದ 5ನೇ ದಿನದ ಸುಮಾರಿಗೆ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಸುಮ್ಸುಮ್ನೆ ಅಳು ಬರುತ್ತದೆ. ಸಾರಿಗೆ ಉಪ್ಪು ಕಮ್ಮಿಯಾಯಿತು ಅಂತಲೂ ಅಳು, ಮಗು ಆಕಳಿಸಿತು ಅಂತಲೂ ಅಳು. ನಡುವೆ ನಗುವೂ ಇರುತ್ತದೆ. ಇದು 2 ವಾರದೊಳಗೆ ತಾನಾಗಿ ಹೋಗುತ್ತದೆ. ಔಷಧಿ ಬೇಡ, ನಿದ್ದೆ ಮತ್ತು ಪಕ್ಕದಲ್ಲೊಬ್ಬರು ಇದ್ದರೆ ಸಾಕು.

2 ವಾರ ಕಳೆದ ಮೇಲೂ ನಾವು ಅದೇ ಮಾತು ಹೇಳುತ್ತೇವಲ್ಲ, ಎಡವುವುದು ಅಲ್ಲಿ.

ಖಿನ್ನತೆ ಹೀಗೆ 2 ವಾರದಲ್ಲಿ ತಾನಾಗಿ ಇಳಿಯುವುದಿಲ್ಲ. ಹೆರಿಗೆಯಾದ ಕೆಲವೇ ವಾರಗಳಲ್ಲಿ ಶುರುವಾಗುವುದು ಜಾಸ್ತಿ. ಆದರೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು. ಕೆಲವರಿಗೆ ಬಸುರಿಯಲ್ಲೇ ಶುರುವಾಗಿರುತ್ತದೆ. ಬೆಳಗ್ಗೆ ಏಳುವಾಗಲೇ ಭಾರ. ಯಾವುದರಲ್ಲೂ ಮನಸ್ಸಿಲ್ಲ. ಮಗುವನ್ನು ಎತ್ತಿಕೊಂಡರೆ ಏನೂ ಅನ್ನಿಸುವುದಿಲ್ಲ, ಏನೂ ಅನ್ನಿಸುತ್ತಿಲ್ಲವಲ್ಲ ಅಂತ ತಪ್ಪಿತಸ್ಥ ಭಾವ ಬೇರೆ. ಒಂದು ಗುರುತನ್ನು ಮನೆಯವರು ಸುಲಭವಾಗಿ ಹಿಡಿಯಬಹುದು. ಬಾಣಂತಿಗೆ ನಿದ್ದೆ ಕೆಡುವುದು ಮಾಮೂಲು. ಆದರೆ ಮಗು ಸೊಂಪಾಗಿ ಮಲಗಿ, ಪಕ್ಕದಲ್ಲಿ ನೋಡಿಕೊಳ್ಳಲು ಅಮ್ಮನೂ ಇದ್ದು, ಇವಳು ಮಾತ್ರ ಕಣ್ಣು ಬಿಟ್ಟುಕೊಂಡು ಮಲಗಿದ್ದರೆ ಅದು ಮಾಮೂಲಲ್ಲ.

ನಮ್ಮ ಕಡೆಯ ಹೆಂಗಸರು "ನನಗೆ ದುಃಖವಾಗಿದೆ" ಅಂತ ಡಾಕ್ಟರ ಹತ್ತಿರ ಹೇಳುವುದು ಕಮ್ಮಿ. ತಲೆ ಭಾರ, ಎದೆ ಡವಡವ, ಕೈಕಾಲಲ್ಲಿ ಶಕ್ತಿ ಇಲ್ಲ, ಹಾಲು ಸಾಲುತ್ತಿಲ್ಲ ಅನ್ನುತ್ತಾರೆ. ಒಂದು ಟಾನಿಕ್ ಬಾಟಲಿ ಸಿಗುತ್ತದೆ, ವಾಪಸ್ ಬರುತ್ತಾರೆ. ಇದರಲ್ಲಿ ಇನ್ನೊಂದು ಗೋಜಲೂ ಇದೆ. ರಕ್ತಹೀನತೆಗೂ ಹೆರಿಗೆಯ ನಂತರ ಕೆಲವರಲ್ಲಿ ಕಾಣಿಸುವ ಥೈರಾಯ್ಡ್ ಏರುಪೇರಿಗೂ ಇವೇ ಲಕ್ಷಣಗಳು. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಅರ್ಧದಷ್ಟು ಜನರಿಗೆ ರಕ್ತ ಕಮ್ಮಿ. ಹಾಗಾಗಿ ರಕ್ತ ಪರೀಕ್ಷೆ ಬೇಕೇ ಬೇಕು. ಅದರ ಫಲಿತಾಂಶ ಸರಿಯಿದೆ ಅಂದಮೇಲೆ "ಏನೂ ಇಲ್ಲ ಬಿಡು" ಅನ್ನುವುದು ಮಾತ್ರ ಬೇಡ.

ಎಷ್ಟು ಜನರಿಗೆ ಹೀಗಾಗುತ್ತದೆ? ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಒಟ್ಟು 20,043 ತಾಯಂದಿರ ಲೆಕ್ಕವನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಅದರ ಪ್ರಕಾರ ಶೇ. 22. ಐವರು ಬಾಣಂತಿಯರಲ್ಲಿ ಒಬ್ಬಳು. ನಿಮ್ಮ ಓಣಿಯಲ್ಲಿ ಈ ವರ್ಷ ಎಷ್ಟು ತೊಟ್ಟಿಲು ಕಟ್ಟಿದರು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಇನ್ನು ಸನ್ನಿ. ಹಳೆಯ ಕಾಲದಲ್ಲಿ ನಂಜಾಗಿ ಜ್ವರ ತಲೆಗೇರಿದ್ದನ್ನೂ ಮನಸ್ಸು ಹಳಿ ತಪ್ಪಿದ್ದನ್ನೂ ಒಟ್ಟಿಗೇ ಸನ್ನಿ ಅಂದುಬಿಡುತ್ತಿದ್ದರು. ಈಗ ಇವು ಬೇರೆ ಬೇರೆ ಅಂತ ಗೊತ್ತು. ಎರಡನೆಯದು ಹೆರಿಗೆ ನಂತರದ ಮನೋವಿಕಲತೆ. ಸಾವಿರಕ್ಕೆ 1–2 ತಾಯಂದಿರಿಗೆ ಬರುತ್ತದೆ, ಹೆಚ್ಚಾಗಿ ಮೊದಲ 2 ವಾರದಲ್ಲೇ. ರಾತ್ರಿಯೆಲ್ಲ ನಿದ್ದೆ ಇಲ್ಲ, ಆದರೂ ಸುಸ್ತಿಲ್ಲ. ಮಾತು ನಿಲ್ಲುವುದಿಲ್ಲ. ಯಾರೋ ಕೂಗಿದ ಹಾಗೆ ಕೇಳಿಸುತ್ತದೆ. ಇದು ನನ್ನ ಮಗುವಲ್ಲ, ಬದಲಾಯಿಸಿಬಿಟ್ಟಿದ್ದಾರೆ ಅನ್ನಬಹುದು. ಮನಸ್ಸು ಕೆಲವು ಕಾಲ ಅತಿಯಾಗಿ ಉಬ್ಬಿ ಕೆಲವು ಕಾಲ ಅತಿಯಾಗಿ ಕುಗ್ಗುವ ಬೈಪೋಲಾರ್ ಕಾಯಿಲೆ ಇದ್ದವರಿಗೆ, ಹಿಂದಿನ ಹೆರಿಗೆಯಲ್ಲಿ ಹೀಗಾದವರಿಗೆ ಅಪಾಯ ಜಾಸ್ತಿ. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಲು ಓಡಾಡುವಷ್ಟು ಸಮಯ ಇಲ್ಲಿಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅವಳನ್ನೂ ಮಗುವನ್ನೂ ಇಬ್ಬರನ್ನೇ ಬಿಡಬಾರದು. ಇಷ್ಟು ತೀವ್ರವಾಗಿದ್ದರೂ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ ಇದು.

ಇದರ ಜೊತೆ ಕಲಸಿಕೊಳ್ಳಬಾರದ ಇನ್ನೊಂದಿದೆ. "ಮೆಟ್ಟಿಲಿಳಿಯುವಾಗ ಮಗು ಕೈಯಿಂದ ಜಾರಿದರೆ?" "ಚಾಕು ನೋಡಿದರೆ ಏನೇನೋ ಕೆಟ್ಟ ಯೋಚನೆ ಬರುತ್ತದೆ." ಬಾಣಂತಿಯರಲ್ಲಿ ಇಂಥ ಬೇಡದ ಯೋಚನೆ ತುಂಬಾ ಮಾಮೂಲು. ಹೇಳಿದರೆ ಹುಚ್ಚಿ ಅಂದಾರು ಅಂತ ಬಾಯಿ ಬಿಡುವುದಿಲ್ಲ, ಅಷ್ಟೇ. ಯೋಚನೆ ಬಂದು ಅವಳೇ ಬೆಚ್ಚಿಬೀಳುತ್ತಿದ್ದರೆ, ಚಾಕುವನ್ನು ಅವಳೇ ದೂರ ಇಡುತ್ತಿದ್ದರೆ ಅದು ಆತಂಕ. ಅದು ಬೇರೆ ದಾರಿ, ಸನ್ನಿ ಬೇರೆ ದಾರಿ. ಎರಡರಲ್ಲಿ ಯಾವುದೋ ಅನ್ನುವ ಅನುಮಾನವಿದ್ದರೆ ಡಾಕ್ಟರಿಗೇ ತೋರಿಸಿ.

ಮಗು ಓದುವುದು ಮುಖವನ್ನು

ಮೂರು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು "ಏನೋ ಕಂದಾ, ಏನು ಸಮಾಚಾರ?" ಅಂದು ನೋಡಿ. ಅದು ಬಾಯಿ ಆಡಿಸುತ್ತದೆ, ಕೈಕಾಲು ಬಡಿಯುತ್ತದೆ, "ಅಗೂ" ಅನ್ನುತ್ತದೆ. ನೀವು "ಹೌದಾ! ಆಮೇಲೆ?" ಅನ್ನುತ್ತೀರಿ. ಅದು ಮತ್ತೇನೋ ಹೇಳುತ್ತದೆ. ನಮಗೆ ಅದು ಆಟ, ಅದರ ಮಿದುಳಿಗೆ ಪಾಠ. ಮೊದಲ ಒಂದು ವರ್ಷದಲ್ಲಿ ಮಗುವಿನ ಮಿದುಳಿನ ಗಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ನಾನು ಕೂಗಿದರೆ ಯಾರೋ ಓಗೊಡುತ್ತಾರೆ, ಮಾತಿಗೆ ಸರದಿ ಇದೆ, ಅಳು ಬಂದರೆ ಸಮಾಧಾನ ಸಿಗುತ್ತದೆ. ಇವೆಲ್ಲ ಅದಕ್ಕೆ ಗೊತ್ತಾಗುವುದು ಈ ಕೊಡು-ಕೊಳ್ಳುವ ಆಟದಲ್ಲೇ.

1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಸರಳ ಪ್ರಯೋಗ ಮಾಡಿದರು. ತಾಯಿ ಮೊದಲು ಮಗುವಿನ ಜೊತೆ ಆಡುತ್ತಾಳೆ. ಆಮೇಲೆ ಒಂದೆರಡು ನಿಮಿಷ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಂಡು ಸುಮ್ಮನೆ ನೋಡುತ್ತಾಳೆ. ಬೈಯುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಮಗುವಿಗೆ ಕೂಡಲೇ ಗೊತ್ತಾಗುತ್ತದೆ. ನಕ್ಕು ನೋಡುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ. ಏನೂ ನಡೆಯದಿದ್ದಾಗ ಮುಖ ತಿರುಗಿಸಿಕೊಳ್ಳುತ್ತದೆ. ತಾಯಿ ಮತ್ತೆ ನಕ್ಕ ಮೇಲೂ ಮೊದಲಿನಂತಾಗಲು ಸ್ವಲ್ಪ ಹೊತ್ತು ಬೇಕು.

ಖಿನ್ನತೆಯಲ್ಲಿರುವ ತಾಯಿ ಬೇಕಂತ ಮುಖ ಕಲ್ಲಾಗಿಸಿಕೊಳ್ಳುವುದಿಲ್ಲ. ಕಾಯಿಲೆಯೇ ಅದನ್ನು ಮಾಡುತ್ತದೆ. ದನಿಯ ಏರಿಳಿತ ಕಮ್ಮಿಯಾಗುತ್ತದೆ, ಮಾತು ಕಮ್ಮಿಯಾಗುತ್ತದೆ, ಮಗುವಿನ ಸನ್ನೆಗೆ ಓಗೊಡುವುದು ತಡವಾಗುತ್ತದೆ. ಅವಳು ಹಾಲು ಕೊಡುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ಎಲ್ಲ ಸರಿಯಾಗೇ ಮಾಡುತ್ತಾಳೆ. ಆ ಆಟ ಮಾತ್ರ ಇರುವುದಿಲ್ಲ. ಒಂದು ದಿನ ಹೀಗಾದರೆ ಏನೂ ಅಲ್ಲ. ತಿಂಗಳುಗಟ್ಟಲೆ ಹೀಗೇ ಆದರೆ ಮಗುವೂ ಕರೆಯುವುದನ್ನು ಕಮ್ಮಿ ಮಾಡುತ್ತದೆ. "ಪಾಪ, ತುಂಬಾ ಸಾಧು ಮಗು, ಅಳೋದೇ ಇಲ್ಲ" ಅಂತ ಎಲ್ಲರೂ ಹೊಗಳುತ್ತಿರುತ್ತಾರೆ. ಕೆಲವು ಸಲ ಆ ಹೊಗಳಿಕೆ ಕೇಳಿದರೆ ನನಗೆ ಸ್ವಲ್ಪ ಗಾಬರಿಯೇ ಆಗುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಓದುತ್ತಿರುವ ತಾಯಂದಿರು ಇನ್ನೊಂದು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಳ್ಳುತ್ತಾರೆ. ಆರೋಗ್ಯವಾಗಿರುವ ತಾಯಿ-ಮಗುವಿನ ನಡುವೆಯೂ ತಾಳ ಕೂಡುವುದು ಸುಮಾರು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಟ್ರಾನಿಕ್ ಅವರ ಅಧ್ಯಯನಗಳಿಂದಲೇ ಗೊತ್ತಾದದ್ದು ಇದು. ಉಳಿದ ಹೊತ್ತೆಲ್ಲ ತಾಳ ತಪ್ಪುವುದು, ಮತ್ತೆ ಹಿಡಿಯುವುದು. ತಪ್ಪಿದ್ದನ್ನು ಮತ್ತೆ ಹಿಡಿಯುವುದರಲ್ಲೇ ಮಗು ಕಲಿಯುತ್ತದೆ. ಇಪ್ಪತ್ನಾಲ್ಕು ಗಂಟೆ ನಗುತ್ತಿರುವ ತಾಯಿ ಯಾವ ಮಗುವಿಗೂ ಬೇಕಿಲ್ಲ.

ಗೋವಾದ ತೂಕದ ತಕ್ಕಡಿ

ಮನಸ್ಸಿನ ಕಾಯಿಲೆ ಮಗುವಿನ ಮನಸ್ಸನ್ನಷ್ಟೇ ಮುಟ್ಟುತ್ತದೆ ಅಂದುಕೊಳ್ಳುತ್ತೇವೆ. ನಮ್ಮ ನೆರೆಯ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಮಾಡಿದ ಕೆಲಸ ನೋಡಿದರೆ ಅದು ಹಾಗಲ್ಲ ಅಂತ ಗೊತ್ತಾಗುತ್ತದೆ. ಜಿಲ್ಲಾ ಆಸ್ಪತ್ರೆಯೊಂದಕ್ಕೆ ಬಂದ 270 ಹೆಂಗಸರನ್ನು ಬಸುರಿಯಿಂದಲೇ ಅವರು ಗಮನಿಸಿದರು. ಹೆರಿಗೆಯಾದ 6–8 ವಾರಕ್ಕೆ ಶೇ. 23 ಜನರಿಗೆ ಖಿನ್ನತೆ ಇತ್ತು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎದ್ದು ಕಂಡ ಕಾರಣಗಳು ಬಡತನ, ಗಂಡನ ಜೊತೆಗಿನ ಸಂಬಂಧ ಹದಗೆಟ್ಟಿದ್ದು, ಬಸುರಿಯಲ್ಲೇ ಇದ್ದ ಮಾನಸಿಕ ತೊಂದರೆ. ಹುಟ್ಟಿದ ಮಗು ಗಂಡೋ ಹೆಣ್ಣೋ ಅನ್ನುವುದೂ ಲೆಕ್ಕಕ್ಕೆ ಬಂತು. ಹಸಿವು, ಗಂಡನ ಹೊಡೆತ ಇವುಗಳ ಪರಿಣಾಮ ಹೆಚ್ಚುಕಮ್ಮಿಯಾಗುವುದು ಕೂಡ ಅದರ ಮೇಲಿತ್ತು. ಹಾರ್ಮೋನಿನ ಕಥೆ ಎಲ್ಲ ಬಾಣಂತಿಯರಿಗೂ ಒಂದೇ. ಮನೆಯ ಕಥೆ ಒಂದೇ ಅಲ್ಲ.

ಮುಂದಿನ ವರ್ಷ ಅದೇ ತಂಡ 171 ಮಕ್ಕಳ ಲೆಕ್ಕ ಕೊಟ್ಟಿತು. ತಾಯಿಗೆ ಖಿನ್ನತೆ ಇದ್ದ ಮಕ್ಕಳು 6 ತಿಂಗಳಲ್ಲಿ ತೂಕದಲ್ಲೂ ಉದ್ದದಲ್ಲೂ ಹಿಂದಿದ್ದರು. ಮಾನಸಿಕ ಬೆಳವಣಿಗೆಯ ಪರೀಕ್ಷೆಯಲ್ಲೂ ಅಂಕ ಕಮ್ಮಿ. ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ತೂಕ, ಉದ್ದದ ವ್ಯತ್ಯಾಸ ಉಳಿಯಿತು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲೂ ಇಂಥದ್ದೇ ಕಂಡಿತು, ಅಲ್ಲಿ ಭೇದಿಯೂ ಜಾಸ್ತಿ.

ತಾಯಿಯ ಬೇಸರ ತಕ್ಕಡಿಯಲ್ಲಿ ಹೇಗೆ ಕಾಣುತ್ತದೆ? ದಾರಿ ಸಣ್ಣಸಣ್ಣದು. ನೋವು, ಆತಂಕ ಹೆಚ್ಚಿದಾಗ ಹಾಲು ಇಳಿಯುವುದು ತಡವಾಗಬಹುದು. ಹಾಲು ಸಾಲದು ಅನ್ನುವ ಭಯಕ್ಕೆ ಬಾಟಲಿ ಬರುತ್ತದೆ. ಬಾಟಲಿ ಕುದಿಸಿ ತೊಳೆಯುವ ತ್ರಾಣ ಇರುವುದಿಲ್ಲ, ನೀರು ಎಲ್ಲಿಯದೋ. ಭೇದಿಯಾಗುತ್ತದೆ. ಲಸಿಕೆಯ ದಿನ ತಪ್ಪುತ್ತದೆ. 6 ತಿಂಗಳಿಗೆ ರಾಗಿ ಸರಿ ಶುರುಮಾಡಿದಾಗ, ಉಗಿದುಗಿದು ಹಾಕುವ ಮಗುವಿಗೆ ಒಂದೊಂದೇ ಚಮಚ ಆಡಿಸುತ್ತಾ ತಿನ್ನಿಸಬೇಕು. ಎದ್ದು ನಿಲ್ಲಲೂ ಮನಸ್ಸಿಲ್ಲದವಳಿಗೆ ಅದು ಬೆಟ್ಟ ಹತ್ತಿದ ಹಾಗೆ. ಒಳ್ಳೆಯ ನೀರು, ಹತ್ತಿರದ ಆಸ್ಪತ್ರೆ ಇರುವ ಶ್ರೀಮಂತ ದೇಶಗಳಲ್ಲಿ ತೂಕದ ಮೇಲಿನ ಪರಿಣಾಮ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ತಾಯಿ ಕುಸಿದಾಗ ಸುತ್ತಲಿನ ವ್ಯವಸ್ಥೆ ಮಗುವನ್ನು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ತಾಯಿಯೇ ಆ ವ್ಯವಸ್ಥೆ.

ಹಾಗಾದರೆ ತಾಯಿಗೆ ಖಿನ್ನತೆ ಬಂದರೆ ಮಗುವಿನ ಕಥೆ ಮುಗಿಯಿತೇ? ಖಂಡಿತ ಇಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸುತ್ತಾ ಬಂದಿದ್ದಾರೆ. ಮಗು 2 ತಿಂಗಳಿದ್ದಾಗಲೂ 8 ತಿಂಗಳಿದ್ದಾಗಲೂ ತೀವ್ರ ಖಿನ್ನತೆಯಲ್ಲೇ ಇದ್ದ ತಾಯಂದಿರ ಮಕ್ಕಳಲ್ಲಿ ಮೂರೂವರೆ ವರ್ಷಕ್ಕೆ ನಡವಳಿಕೆಯ ತೊಂದರೆ, 16ಕ್ಕೆ ಗಣಿತದಲ್ಲಿ ಕಮ್ಮಿ ಅಂಕ, 18ಕ್ಕೆ ಖಿನ್ನತೆ ಹೆಚ್ಚಾಗಿ ಕಂಡವು. ಬೇಗ ಇಳಿದ ಖಿನ್ನತೆಯಲ್ಲಿ ಅಪಾಯ ಅಷ್ಟಿರಲಿಲ್ಲ. ಅಂದರೆ ಬಂತೋ ಇಲ್ಲವೋ ಅನ್ನುವುದಕ್ಕಿಂತ ಎಷ್ಟು ದಿನ ಹಾಗೇ ಬಿಟ್ಟೆವು ಅನ್ನುವುದು ದೊಡ್ಡದು. ಅಪಾಯ ಹೆಚ್ಚು ಅಂದರೆ ಎಲ್ಲರಿಗೂ ಹಾಗಾಗುತ್ತದೆ ಅಂತಲೂ ಅಲ್ಲ. ಹೆಚ್ಚಿನ ಮಕ್ಕಳು ಚೆನ್ನಾಗೇ ಬೆಳೆಯುತ್ತಾರೆ. ಅಪ್ಪ, ಅಜ್ಜಿ, ಸೋದರತ್ತೆ ಯಾರಾದರೂ ದಿನಾ ಕೂತು ಮಗುವಿನ ಜೊತೆ ಆ ಆಟ ಆಡುತ್ತಿದ್ದರೆ ಅದು ದೊಡ್ಡ ಆಸರೆ.

ಅಪ್ಪ ಅಂದೆನಲ್ಲ, "ಗಂಡಸಿಗ್ಯಾಕೆ ಗೌರಿ ದುಃಖ" ಅನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಮಗು ಹುಟ್ಟಿದ ಮೇಲೆ ಹತ್ತರಲ್ಲಿ ಸುಮಾರು ಒಬ್ಬ ತಂದೆಗೂ ಖಿನ್ನತೆ ಬರುತ್ತದೆ. ಹೆಂಡತಿಗೆ ಬಂದಿದ್ದರೆ ಗಂಡನಿಗೆ ಬರುವ ಸಾಧ್ಯತೆ ಇನ್ನೂ ಜಾಸ್ತಿ.

ತವರಿನಿಂದ ಹೊರಟ ಮೇಲೆ

ನಮ್ಮ ಬಾಣಂತನವನ್ನು ಬೈಯುವುದು ಈಗ ಫ್ಯಾಷನ್. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಒಬ್ಬ ಹೆಂಗಸಿಗೆ ಮೂರು ತಿಂಗಳು ಬಿಸಿಯೂಟ, ಎಣ್ಣೆ ತಿಕ್ಕುವ ಕೈ, ಒಲೆಯ ಮುಂದೆ ನಿಲ್ಲದಿರುವ ಹಕ್ಕು ಕೊಟ್ಟ ಪದ್ಧತಿ ಅದು. ಕತ್ತಲೆ ಕೋಣೆ, ನೀರು ಕುಡಿಯಬೇಡ, ಯಾರ ಜೊತೆಗೂ ಮಾತಾಡಬೇಡ ಅನ್ನುವುದನ್ನು ಬಿಟ್ಟರೆ ಉಳಿದದ್ದರಲ್ಲಿ ಬೇಕಾದಷ್ಟು ಒಳ್ಳೆಯದಿದೆ.

ಕೊರತೆ ಇರುವುದು ಕ್ಯಾಲೆಂಡರಿನಲ್ಲಿ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಮಡಿಲು ತುಂಬಿ ಗಂಡನ ಮನೆಗೆ ಕಳಿಸುತ್ತಾರೆ. ಅವತ್ತಿಗೆ ಬಾಣಂತನ ಮುಗಿಯಿತು. ಖಿನ್ನತೆಯ ಗಡುವು ಮುಗಿದಿರುವುದಿಲ್ಲ. ಅಲ್ಲಿ ರಾತ್ರಿ ಮಗುವನ್ನು ಎತ್ತಿಕೊಳ್ಳುತ್ತಿದ್ದ ಅಮ್ಮ ಇಲ್ಲ, ಬೆಳಗ್ಗೆ ಕುಕ್ಕರ್ ಇಡಬೇಕು. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಾದರೆ ಹಗಲೆಲ್ಲ ಅವಳು, ಮಗು, ನಾಲ್ಕು ಗೋಡೆ. ಕೆಲಸದಲ್ಲಿದ್ದರೆ 26 ವಾರದ ಹೆರಿಗೆ ರಜೆ ಮುಗಿಯುವುದೂ ಇದರ ಹಿಂದೆಯೇ. ಗಾರ್ಮೆಂಟ್ಸಿಗೋ ಹೊಲಕ್ಕೋ ಹೋಗುವವರಿಗೆ ಅಷ್ಟೂ ಕಾಯುವುದು ಆಗದು. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋದ ಅಮ್ಮಂದಿರಿಗೂ ಇದೇ ಪಾಡು. ವೀಸಾದ 6 ತಿಂಗಳು ಮುಗಿಯಿತು ಅಂತ ಹೊರಡುತ್ತಾರೆ, ಮಗಳು ವಿಮಾನ ನಿಲ್ದಾಣದಿಂದ ಒಬ್ಬಳೇ ಮನೆಗೆ ಬರುತ್ತಾಳೆ.

ಆರೋಗ್ಯ ಇಲಾಖೆಯ ಕ್ಯಾಲೆಂಡರೂ ಹೀಗೇ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಹೊಕ್ಕುಳು ಒಣಗಿದೆಯೇ, ಜ್ವರ ಇದೆಯೇ, ತೂಕ ಎಷ್ಟು ಅಂತ ನೋಡುತ್ತಾರೆ. ಅಷ್ಟು ಸಲ ಬಾಗಿಲಿಗೆ ಬರುವ ಹೆಂಗಸು ನಮ್ಮಲ್ಲಿ ಇದ್ದಾರೆ ಅನ್ನುವುದೇ ದೊಡ್ಡ ವಿಷಯ. ಅವರು ಮನಸ್ಸಿನ ಬಗ್ಗೆಯೂ ಕೇಳಿದರೆ?

ಕೇಳುವುದಕ್ಕೆ ಸಲಕರಣೆ ಇದೆ. 1987ರಲ್ಲಿ ಮನೋವೈದ್ಯ ಜಾನ್ ಕಾಕ್ಸ್ ಮತ್ತು ಸಂಗಡಿಗರು ಮಾಡಿದ ಎಡಿನ್‌ಬರ್ಗ್ ಪ್ರಶ್ನಾವಳಿ. ಇದರಲ್ಲಿ 10 ಪ್ರಶ್ನೆ. ಕಳೆದ 7 ದಿನ ಹೇಗಿತ್ತು ಅನ್ನುವುದಷ್ಟೇ ವಿಷಯ. ನಗು ಬರುತ್ತಿದೆಯೇ, ಸುಮ್ಮನೆ ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಾ, ಭಯವಾಗುತ್ತದೆಯೇ, ಹೀಗೆ. ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 30. ಸಾಮಾನ್ಯವಾಗಿ 10–13ರ ಮೇಲೆ ಬಂದರೆ ಡಾಕ್ಟರು ಕೂತು ಮಾತಾಡಿಸಬೇಕು. ಕೊನೆಯ ಪ್ರಶ್ನೆ ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಹೌದು ಅಂದರೆ ಒಟ್ಟು ಅಂಕ ಎಷ್ಟೇ ಇರಲಿ, ಕೂಡಲೇ ಸಹಾಯ ಬೇಕು. ಇದರ ಕನ್ನಡ ರೂಪವೂ ಇದೆ, ಕರ್ನಾಟಕದ ಹಳ್ಳಿಯ ಬಸುರಿಯರ ಜೊತೆ ಪರೀಕ್ಷಿಸಿಯೂ ನೋಡಿದ್ದಾರೆ. ಅತ್ತೆಯ ಮುಂದೆ ಕೇಳಬಾರದು, ಅಷ್ಟೇ. ಅತ್ತೆಯ ಮುಂದೆ ಕೇಳಿದರೆ ಎಲ್ಲರ ಅಂಕವೂ ಸೊನ್ನೆ.

ಗುಣವಾಗುವ ಬಗೆ

ಎಲ್ಲ ಬಾಣಂತಿಯರಿಗೂ ಮನೋವೈದ್ಯರು ಎಲ್ಲಿ ಸಿಗಬೇಕು? ಇದಕ್ಕೆ ರಾವಲ್ಪಿಂಡಿಯಲ್ಲೇ ಅತೀಫ್ ರೆಹಮಾನ್ ಎಂಬ ಮನೋವೈದ್ಯರು ಒಂದು ದಾರಿ ಹುಡುಕಿದರು. ನಮ್ಮ ಆಶಾ ಥರದ ಅಲ್ಲಿನ ಆರೋಗ್ಯ ಕಾರ್ಯಕರ್ತೆಯರಿಗೆ ಮಾತಿನ ಚಿಕಿತ್ಸೆ ಕಲಿಸಿದರು. ಬಸುರಿಯ ಕೊನೆಯಿಂದ ಶುರುಮಾಡಿ 16 ಭೇಟಿ. ಮಾತು ಶುರುವಾಗುವುದು ಮಗುವಿನ ಆರೈಕೆಯಿಂದ, ಆಗ ಮನೆಯವರೂ ಬೇಡ ಅನ್ನುವುದಿಲ್ಲ. "ನನ್ನಿಂದ ಏನೂ ಆಗದು" ಅನ್ನುವ ಯೋಚನೆಯನ್ನು ಗುರುತಿಸುವುದು, ಅದರ ಜಾಗದಲ್ಲಿ ಇನ್ನೊಂದನ್ನು ಇಡುವುದು, ಆಮೇಲೆ ಒಂದು ಸಣ್ಣ ಕೆಲಸ ಮಾಡಿ ನೋಡುವುದು. 2008ರಲ್ಲಿ ಫಲಿತಾಂಶ ಬಂತು. 6 ತಿಂಗಳಲ್ಲಿ ಈ ಭೇಟಿ ಪಡೆದವರಲ್ಲಿ ಶೇ. 23 ಜನರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು, ಸಾಮಾನ್ಯ ಭೇಟಿ ಪಡೆದವರಲ್ಲಿ ಶೇ. 53. ಮಕ್ಕಳಿಗೆ ಭೇದಿ ಕಮ್ಮಿಯಾಯಿತು, ಲಸಿಕೆ ಹೆಚ್ಚಾಯಿತು. ಆದರೆ 7 ವರ್ಷಗಳ ನಂತರ ನೋಡಿದರೆ ಎರಡೂ ಗುಂಪಿನ ಮಕ್ಕಳ ಬೆಳವಣಿಗೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇದನ್ನು ಮುಚ್ಚಿಡಬಾರದು. ಬಡತನ, ಶಾಲೆ, ಊಟ ಇವೂ ಮಗುವನ್ನು ಬೆಳೆಸುತ್ತವೆ, ಒಂದೇ ಸಲದ ಮಾತಿನ ಔಷಧಿ ಅದನ್ನೆಲ್ಲ ಹೊತ್ತುಕೊಳ್ಳಲಾರದು. ತಾಯಿ ಗುಣವಾಗಲು ಮಗುವಿನ ಅಂಕಪಟ್ಟಿಯೇ ಕಾರಣವಾಗಬೇಕೇ ಅನ್ನುವ ಪ್ರಶ್ನೆ ಬೇರೆ.

ಖಿನ್ನತೆ ಜಾಸ್ತಿ ಇದ್ದರೆ ಮಾತ್ರೆ ಬೇಕಾಗುತ್ತದೆ. "ಮಾತ್ರೆ ತಗೊಂಡರೆ ಹಾಲು ಬಿಡಿಸಬೇಕು" ಅನ್ನುವ ಭಯಕ್ಕೇ ಎಷ್ಟೋ ಜನ ಚಿಕಿತ್ಸೆಗೆ ಹೋಗುವುದಿಲ್ಲ. ಸರ್ಟ್ರಾಲಿನ್‌ನಂಥ ಮಾತ್ರೆ ಹಾಲಿಗೆ ಸೇರುವುದು ತುಂಬಾ ಕಮ್ಮಿ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂನಂಥ ಕೆಲವಕ್ಕೆ ಎಚ್ಚರ ಬೇಕು. ಹಾಗಾಗಿ ಹಾಲು ಕುಡಿಸುತ್ತಿದ್ದೇನೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಸ್ವಲ್ಪ ಹುಷಾರಾಯಿತು ಅಂತ ನೀವೇ ನಿಲ್ಲಿಸಬೇಡಿ.

ಇನ್ನೊಂದು ಭಯ, ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಬೇರೆ ಮಾಡುತ್ತಾರೆ ಅನ್ನುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ-ಮಗು ಘಟಕ ಶುರುವಾಯಿತು. ಶುರುವಾದಾಗ 5 ಹಾಸಿಗೆ. ಅಲ್ಲಿ ತಾಯಿಯ ಪಕ್ಕದಲ್ಲೇ ಕೂಸು, ಜೊತೆಗೆ ಮನೆಯವರೊಬ್ಬರು. ಚಿಕಿತ್ಸೆಯ ಜೊತೆಗೆ ಮಗುವಿನ ಸನ್ನೆ ಓದುವುದನ್ನೂ, ಅದರ ಜೊತೆ ಆಡುವುದನ್ನೂ ಮೆಲ್ಲಗೆ ಮತ್ತೆ ರೂಢಿ ಮಾಡಿಸುತ್ತಾರೆ. ಈಗ ಕಾನೂನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ಸೇರಿದ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯ ಇದೆ ಅಂತ ಮನೋವೈದ್ಯರಿಗೆ ಅನ್ನಿಸಿದರೆ ಮಾತ್ರ ತಾತ್ಕಾಲಿಕವಾಗಿ ದೂರ ಇಡಬಹುದು.

ಬೆಂಗಳೂರಿಗೆ ಬರಲಾಗದವರಿಗೆ ತಾಲ್ಲೂಕು ಆಸ್ಪತ್ರೆಯೇ ಹತ್ತಿರ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಅಲ್ಲಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟಿದೆ, ಹೊರಡುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಿಗುತ್ತದೆ. ಹಗಲುರಾತ್ರಿ ನಡೆಯುವ ಸರ್ಕಾರಿ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬಾಣಂತಿಯೇ ಫೋನ್ ಮಾಡಬೇಕೆಂದಿಲ್ಲ. ಗಂಡ, ಅಕ್ಕ, ಅತ್ತೆ ಯಾರು ಬೇಕಾದರೂ ಮಾಡಿ, "ನಮ್ಮ ಮನೇಲಿ ಹೀಗಿದೆ, ಏನು ಮಾಡೋದು?" ಅಂತ ಕೇಳಬಹುದು. ಫೋನ್ ಹಿಡಿದವರು ಅಷ್ಟು ಹೊತ್ತು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡಿದರೆ, ಒಳಗೆ ಅವಳು ಒಂದು ಗಳಿಗೆ ನಿದ್ದೆ ಮಾಡಿಯಾಳು.